ಆಸ್ಕರ್ ಗೆದ್ದ 23 ದಿನಕ್ಕೆ ಸಿಪಾಯಿಯಾದ ನಟ: ಜಿಮ್ಮಿ ಸ್ಟೀವರ್ಟ್ ಅವರ 27 ವರ್ಷಗಳ ಸೇನಾ ಬದುಕು

1941ರ ಫೆಬ್ರವರಿ 27ರ ರಾತ್ರಿ 'ದಿ ಫಿಲಡೆಲ್ಫಿಯಾ ಸ್ಟೋರಿ' ಚಿತ್ರಕ್ಕಾಗಿ ಜೇಮ್ಸ್ ಸ್ಟೀವರ್ಟ್ ಅತ್ಯುತ್ತಮ ನಟ ಆಸ್ಕರ್ ಪ್ರಶಸ್ತಿ ಪಡೆದರು. ಅದೇ ವರ್ಷ ಮಾರ್ಚ್ 22ರಂದು ಅಮೆರಿಕ ಸೇನೆಗೆ ಸಾಮಾನ್ಯ ಸಿಪಾಯಿಯಾಗಿ ಸೇರಿದರು. ನಡುವೆ ಇದ್ದದ್ದು 23 ದಿನ ಮಾತ್ರ. ವಾರಕ್ಕೆ ಸಾವಿರಾರು ಡಾಲರ್ ಎಣಿಸುತ್ತಿದ್ದವರ ಹೊಸ ಸಂಬಳ ತಿಂಗಳಿಗೆ 21 ಡಾಲರ್. ಆಗ ಅವರಿಗೆ 32 ವರ್ಷ, ಇನ್ನೆರಡು ತಿಂಗಳಿಗೆ 33 ತುಂಬುವುದಿತ್ತು. ಪರ್ಲ್ ಹಾರ್ಬರ್ ಮೇಲೆ ಜಪಾನ್ ಬಾಂಬ್ ಹಾಕಲು ಇನ್ನೂ ಎಂಟು ತಿಂಗಳಿಗೂ ಹೆಚ್ಚು ಬಾಕಿಯಿತ್ತು. ಅಂದರೆ ಅಮೆರಿಕ ಯುದ್ಧಕ್ಕೆ ಇಳಿದೇ ಇರಲಿಲ್ಲ.

'ರಿಯರ್ ವಿಂಡೋ', 'ವರ್ಟಿಗೊ' ನೋಡಿದವರಿಗೆ ಜಿಮ್ಮಿ ಸ್ಟೀವರ್ಟ್ ಮುಖ ಪರಿಚಿತ. ಉದ್ದನೆಯ ಬಡಕಲು ದೇಹ, ತಡವರಿಸುತ್ತಾ ಆಡುವ ಮಾತು, ಪಕ್ಕದ ಮನೆಯ ಅಣ್ಣನಂಥ ಸಂಕೋಚ. ಆದರೆ ಆ ಮನುಷ್ಯ ಜರ್ಮನಿಯ ಆಕಾಶದಲ್ಲಿ ಬಾಂಬರ್ ವಿಮಾನಗಳ ದಂಡನ್ನು ಮುನ್ನಡೆಸಿದ್ದರು, ನಂತರ ಎರಡು ದಶಕಕ್ಕೂ ಹೆಚ್ಚು ಕಾಲ ಮೀಸಲು ಪಡೆಯಲ್ಲಿದ್ದು ಬ್ರಿಗೇಡಿಯರ್ ಜನರಲ್ ಆಗಿ ನಿವೃತ್ತರಾದರು ಎಂಬುದು ಅವರ ಅಭಿಮಾನಿಗಳಲ್ಲೂ ಅನೇಕರಿಗೆ ಗೊತ್ತಿಲ್ಲ. ಗೊತ್ತಾಗದಂತೆ ನೋಡಿಕೊಂಡವರಲ್ಲಿ ಮೊದಲಿಗರು ಸ್ವತಃ ಸ್ಟೀವರ್ಟ್.

ಹಾರ್ಡ್‌ವೇರ್ ಅಂಗಡಿಯ ಮಗ

ಸ್ಟೀವರ್ಟ್ ಹುಟ್ಟಿದ್ದು 1908ರ ಮೇ 20ರಂದು, ಪೆನ್ಸಿಲ್ವೇನಿಯಾ ರಾಜ್ಯದ ಇಂಡಿಯಾನಾ ಎಂಬ ಸಣ್ಣ ಊರಿನಲ್ಲಿ. ತಂದೆ ಅಲೆಕ್ಸಾಂಡರ್ ಅವರದ್ದು ಹಾರ್ಡ್‌ವೇರ್ ಅಂಗಡಿ. ಅಜ್ಜ ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದವರು. ತಂದೆ 1898ರ ಸ್ಪೇನ್ ವಿರುದ್ಧದ ಯುದ್ಧಕ್ಕೂ, ನಂತರ ನಡುವಯಸ್ಸಿನಲ್ಲಿ ಅಂಗಡಿ ಬಿಟ್ಟು ಮೊದಲನೆಯ ಮಹಾಯುದ್ಧಕ್ಕೂ ಹೋದವರು. ವಯಸ್ಸಾದ ಮೇಲೆ ಸೇನೆ ಸೇರುವುದು ಈ ಮನೆಗೆ ಹೊಸದಾಗಿರಲಿಲ್ಲ.

ಹುಡುಗನಿಗೆ ಬಾಲ್ಯದಿಂದಲೇ ವಿಮಾನದ ಹುಚ್ಚು. ಆದರೆ ಓದಿದ್ದು ಪ್ರಿನ್ಸ್‌ಟನ್‌ನಲ್ಲಿ ವಾಸ್ತುಶಿಲ್ಪ, 1932ರಲ್ಲಿ ಪದವಿ. ದೇಶದಲ್ಲಿ ಆರ್ಥಿಕ ಕುಸಿತ, ಕಟ್ಟಡ ಕಟ್ಟಿಸುವವರೇ ಇಲ್ಲ. ನಾಟಕದ ಗೆಳೆಯರ ಜೊತೆ ನ್ಯೂಯಾರ್ಕ್ ರಂಗಭೂಮಿಗೆ ಹೋದರು, ಅಲ್ಲಿ ಹೆನ್ರಿ ಫೋಂಡಾ ಜೊತೆ ಒಂದೇ ರೂಮಿನಲ್ಲಿದ್ದರು, 1935ರಲ್ಲಿ ಎಂಜಿಎಂ ಸ್ಟುಡಿಯೊ ಸೇರಿದರು. ಕೈಗೆ ಹಣ ಬಂದ ಕೂಡಲೇ ಮಾಡಿದ ಕೆಲಸ ವಿಮಾನ ಹಾರಿಸಲು ಕಲಿತದ್ದು. 1935ರಲ್ಲಿ ಖಾಸಗಿ ಪೈಲಟ್ ಲೈಸೆನ್ಸ್, 1938ರಲ್ಲಿ ಕಮರ್ಷಿಯಲ್ ಲೈಸೆನ್ಸ್ ಸಿಕ್ಕಿತು. ರಜೆ ಸಿಕ್ಕಾಗ ಕ್ಯಾಲಿಫೋರ್ನಿಯಾದಿಂದ ಪೆನ್ಸಿಲ್ವೇನಿಯಾದವರೆಗೆ, ಕೆಳಗಿನ ರೈಲು ಹಳಿಗಳನ್ನೇ ದಾರಿಯಾಗಿಟ್ಟುಕೊಂಡು ಸ್ವಂತ ವಿಮಾನದಲ್ಲಿ ಅಪ್ಪ ಅಮ್ಮನನ್ನು ನೋಡಲು ಹೋಗುತ್ತಿದ್ದರು.

ತೂಕ ಕಡಿಮೆ ಎಂದು ವಾಪಸ್ ಕಳಿಸಿದ ಸೇನೆ

1940ರ ಶರತ್ಕಾಲದಲ್ಲಿ ಅಮೆರಿಕ ಸರ್ಕಾರ ಕಡ್ಡಾಯ ಸೇನಾ ಸೇವೆಯ ಲಾಟರಿ ಎತ್ತಿತು. ಸ್ಟೀವರ್ಟ್ ಹೆಸರು ಬಂತು. ವೈದ್ಯಕೀಯ ಪರೀಕ್ಷೆಗೆ ಹೋದರೆ 6 ಅಡಿ 3 ಇಂಚು ಎತ್ತರದ ಮನುಷ್ಯನ ತೂಕ ಸುಮಾರು 63 ಕೆಜಿ. ಆ ಎತ್ತರಕ್ಕೆ ಇದು ಸಾಲದು ಎಂದು ತಿರಸ್ಕರಿಸಿದರು.

ಎಂಜಿಎಂ ಮುಖ್ಯಸ್ಥ ಲೂಯಿ ಬಿ. ಮೇಯರ್ ಅವರಿಗೆ ತಮ್ಮ ದುಬಾರಿ ನಟ ಬಂದೂಕು ಹಿಡಿಯುವುದು ಬೇಕಿರಲಿಲ್ಲ. ಸೇನೆಯೇ ಬೇಡವೆಂದ ಮೇಲೆ ಸ್ಟೀವರ್ಟ್ ಸುಮ್ಮನಿದ್ದರೂ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಅವರು ಮಾಡಿದ್ದು ಉಲ್ಟಾ. ಸ್ಟುಡಿಯೊದ ವ್ಯಾಯಾಮ ತರಬೇತುದಾರರ ಸಹಾಯ ಪಡೆದು, ಹೊಟ್ಟೆ ಬಿರಿಯುವಷ್ಟು ತಿಂದು, ಮತ್ತೆ ಪರೀಕ್ಷೆಗೆ ಹೋಗಿ ನಿಂತರು. ಎರಡನೇ ಸಲ ತಕ್ಕಡಿ ನಿಜಕ್ಕೂ ಸರಿಯಾದ ತೂಕ ತೋರಿಸಿತೋ, ಪರೀಕ್ಷಿಸಿದವರು ಸ್ವಲ್ಪ ಕಣ್ಣು ಮುಚ್ಚಿದರೋ ಎಂಬ ಬಗ್ಗೆ ಒಂದಕ್ಕಿಂತ ಹೆಚ್ಚು ಕಥೆಗಳಿವೆ. ಅಂತೂ ಪಾಸಾದರು. ಮಗನ ಆಸ್ಕರ್ ಪ್ರತಿಮೆ ಮಾತ್ರ ಊರಿಗೆ ಹೋಗಿ ಅಪ್ಪನ ಹಾರ್ಡ್‌ವೇರ್ ಅಂಗಡಿಯ ಶೋಕೇಸ್‌ನಲ್ಲಿ ವರ್ಷಗಟ್ಟಲೆ ಕುಳಿತಿತ್ತು.

ಸೇನೆಯೊಳಗೆ ಹೋದ ಮೇಲೆ ಅಡ್ಡ ಬಂದದ್ದು ವಯಸ್ಸು. ಪೈಲಟ್ ತರಬೇತಿಗೆ ಕೆಡೆಟ್ ಆಗಿ ಸೇರಲು 26 ವರ್ಷದ ಮಿತಿಯಿತ್ತು. ಅದು ದಾಟಿ ಆರೇಳು ವರ್ಷವಾಗಿತ್ತು. ಉಳಿದಿದ್ದು ಒಂದೇ ದಾರಿ: ಈಗಾಗಲೇ ಹಾರಾಟದ ಅನುಭವವಿರುವ ಪೈಲಟ್ ಎಂದು ಅರ್ಜಿ ಹಾಕಿ ನೇರವಾಗಿ ಅಧಿಕಾರಿ ಹುದ್ದೆ ಕೇಳುವುದು. ಕ್ಯಾಲಿಫೋರ್ನಿಯಾದ ಮಾಫೆಟ್ ಫೀಲ್ಡ್‌ನಲ್ಲಿ ಕವಾಯತು ಮಾಡುತ್ತಲೇ ಬೇಕಾದ ಹಾರಾಟದ ಗಂಟೆಗಳನ್ನು ಕೂಡಿಸಿಕೊಂಡರು, ಪರೀಕ್ಷೆ ಬರೆದರು. ಕಾರ್ಪೊರಲ್ ಆಗಿದ್ದವರು 1942ರ ಜನವರಿಯಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. ಮುಂದಿನ ತಿಂಗಳು ಆಸ್ಕರ್ ಸಮಾರಂಭಕ್ಕೆ ಸಮವಸ್ತ್ರದಲ್ಲೇ ಬಂದು ಗ್ಯಾರಿ ಕೂಪರ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಕೊಟ್ಟು ಹೋದರು.

ಸೇನೆಗೆ ಬೇಕಿದ್ದದ್ದು ಪೋಸ್ಟರ್ ಮುಖ

ಸೇನೆಯ ಲೆಕ್ಕಾಚಾರ ಬೇರೆ ಇತ್ತು. ಇಂಥ ಜನಪ್ರಿಯ ನಟ ಜರ್ಮನಿಯ ಮೇಲೆ ಸತ್ತರೆ ಅಥವಾ ಸೆರೆ ಸಿಕ್ಕರೆ ಶತ್ರುವಿಗೆ ದೊಡ್ಡ ಪ್ರಚಾರ. ಊರಲ್ಲೇ ಇಟ್ಟುಕೊಂಡರೆ ನಮಗೆ ಪ್ರಚಾರ. ಹಾಗಾಗಿ ರೇಡಿಯೊ ಕಾರ್ಯಕ್ರಮ, 'ವಿನ್ನಿಂಗ್ ಯುವರ್ ವಿಂಗ್ಸ್' ಎಂಬ ನೇಮಕಾತಿ ಕಿರುಚಿತ್ರ, ಆಮೇಲೆ ನ್ಯೂ ಮೆಕ್ಸಿಕೊದಲ್ಲಿ ಬಾಂಬಾರ್ಡಿಯರ್ ತರಬೇತಿ ವಿಮಾನ ಹಾರಿಸುವ ಕೆಲಸ, ಆಮೇಲೆ ಐಡಾಹೊದಲ್ಲಿ ಬಿ-17 ಬಾಂಬರ್‌ಗಳ ಬೋಧಕ. ಇವರು ಕಲಿಸಿದ ಹುಡುಗರು ಯುದ್ಧಕ್ಕೆ ಹೋಗುತ್ತಿದ್ದರು. ಕೆಲವರ ಸಾವಿನ ಸುದ್ದಿ ವಾಪಸ್ ಬರುತ್ತಿತ್ತು. ಬೋಧಕ ಮಾತ್ರ ಅಲ್ಲೇ.

ಅವರು ಮೇಲಧಿಕಾರಿಗಳ ಬೆನ್ನುಬಿದ್ದರು. ಕೊನೆಗೊಬ್ಬ ಕಮಾಂಡರ್ ಮನಸ್ಸು ಮಾಡಿದರು. 1943ರಲ್ಲಿ ಅಯೋವಾ ರಾಜ್ಯದ ಸೂ ಸಿಟಿಯಲ್ಲಿ ತಯಾರಾಗುತ್ತಿದ್ದ 445ನೇ ಬಾಂಬ್ ಗ್ರೂಪ್‌ಗೆ ವರ್ಗವಾಯಿತು. ಕೆಲವೇ ದಿನಗಳಲ್ಲಿ ಅದರ 703ನೇ ಸ್ಕ್ವಾಡ್ರನ್‌ನ ಕಮಾಂಡರ್ ಆದರು. ಕೆಳಗೆ ಕೆಲಸ ಮಾಡುವವರಲ್ಲಿ ಹೆಚ್ಚಿನವರು 20ರ ಆಸುಪಾಸಿನವರು. 35 ವರ್ಷದ ಕಮಾಂಡರ್ ಅವರ ಪಾಲಿಗೆ ಮುದುಕ.

ಅವರು ಹಾರಿಸಿದ ಬಿ-24 ಲಿಬರೇಟರ್ ವಿಮಾನದ ಬಗ್ಗೆ ಇಲ್ಲೊಂದು ಮಾತು ಹೇಳಬೇಕು, ಏಕೆಂದರೆ ಅದಕ್ಕೆ ಬೆಂಗಳೂರಿನ ನಂಟಿದೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಗೆಂದು ಬಿಟ್ಟು ಹೋಗಿದ್ದ ಲಿಬರೇಟರ್‌ಗಳನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇಂದಿನ ಎಚ್‌ಎಎಲ್, 1948ರಿಂದ ಒಂದೊಂದಾಗಿ ತಂದು ರಿಪೇರಿ ಮಾಡಿ ಭಾರತೀಯ ವಾಯುಪಡೆಗೆ ಕೊಟ್ಟಿತು. ಗುಜರಿಯಿಂದ ಎದ್ದು ಬಂದ ಸುಮಾರು 40 ಬಾಂಬರ್‌ಗಳು ನಮ್ಮ ವಾಯುಪಡೆಯಲ್ಲಿ 1968ರವರೆಗೂ ಹಾರಿದವು. ಸ್ಟೀವರ್ಟ್ ನಿವೃತ್ತರಾದದ್ದೂ ಅದೇ ವರ್ಷ.

ಆ ವಿಮಾನದಲ್ಲಿ ಹತ್ತು ಜನ. ಇಪ್ಪತ್ತು ಸಾವಿರ ಅಡಿಗೂ ಮೇಲೆ, ಸೊನ್ನೆಗಿಂತ 30-40 ಡಿಗ್ರಿ ಕೆಳಗಿನ ಚಳಿ. ಒಳಗೆ ಗಾಳಿಯ ಒತ್ತಡ ಕಾಯ್ದುಕೊಳ್ಳುವ ವ್ಯವಸ್ಥೆ ಇರಲಿಲ್ಲ. ಮೂತಿಗೆ ಆಮ್ಲಜನಕದ ಮಾಸ್ಕ್ ಹಾಕಿಕೊಂಡು, ವಿದ್ಯುತ್ತಿನಿಂದ ಬೆಚ್ಚಗಾಗುವ ಬಟ್ಟೆ ತೊಟ್ಟು ಏಳೆಂಟು ಗಂಟೆ ಕೂರಬೇಕು. ಸ್ಟಿಯರಿಂಗ್ ಭಾರ. ಬಿ-17ನಷ್ಟು ಏಟು ತಡೆಯುವ ಗಟ್ಟಿತನವೂ ಇದಕ್ಕಿಲ್ಲ ಎಂಬುದು ಪೈಲಟ್‌ಗಳ ದೂರಾಗಿತ್ತು.

ದಾರಿ ತಪ್ಪಿದವರ ಹಿಂದೆ ಹೋದದ್ದು

1943ರ ನವೆಂಬರ್‌ನಲ್ಲಿ ಗ್ರೂಪ್ ಇಂಗ್ಲೆಂಡಿನ ನಾರ್ಫೋಕ್ ಜಿಲ್ಲೆಯ ಟಿಬೆನ್‌ಹ್ಯಾಮ್‌ಗೆ ಬಂತು. ಡಿಸೆಂಬರ್ 13ರಂದು ಜರ್ಮನಿಯ ಕೀಲ್ ಬಂದರಿನ ಮೇಲೆ ಮೊದಲ ದಾಳಿ.

ಸ್ಟೀವರ್ಟ್ ಎಂಥ ಅಧಿಕಾರಿ ಎಂದು ತಿಳಿಯಲು 1944ರ ಜನವರಿ 7ರ ಘಟನೆ ಸಾಕು. ಲುಡ್ವಿಗ್ಸ್‌ಹಾಫೆನ್ ಮೇಲೆ ಬಾಂಬ್ ಹಾಕಿ ವಾಪಸಾಗುವಾಗ ಮುಂದಿದ್ದ 389ನೇ ಗ್ರೂಪ್ ಫ್ರಾನ್ಸ್ ಮೇಲೆ ದಾರಿ ತಪ್ಪಿ ಪಕ್ಕಕ್ಕೆ ವಾಲಿತು. ಸ್ಟೀವರ್ಟ್ ರೇಡಿಯೊದಲ್ಲಿ ಎಚ್ಚರಿಸಿದರು. ಮುಂದಿನ ನಾಯಕ ಕೇಳಲಿಲ್ಲ. ಸ್ಟೀವರ್ಟ್ ತಮ್ಮ ವಿಮಾನಗಳನ್ನು ಸರಿಯಾದ ದಾರಿಯಲ್ಲಿ ಕರೆದುಕೊಂಡು ಹೋಗಬಹುದಿತ್ತು, ನಿಯಮದ ಪ್ರಕಾರ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಆದರೆ ಬಾಂಬರ್‌ಗಳ ಜೀವ ಉಳಿಯುವುದೇ ಗುಂಪಿನಲ್ಲಿ. ಒತ್ತೊತ್ತಾಗಿ ಹಾರಿದರೆ ಎಲ್ಲರ ಮೆಷಿನ್‌ಗನ್‌ಗಳೂ ಒಟ್ಟಿಗೆ ಕೆಲಸಕ್ಕೆ ಬರುತ್ತವೆ. ಒಂಟಿಯಾದ ಗ್ರೂಪ್ ಜರ್ಮನ್ ಫೈಟರ್‌ಗಳಿಗೆ ಸುಲಭದ ತುತ್ತು. ತಪ್ಪು ದಾರಿ ಎಂದು ಗೊತ್ತಿದ್ದೂ ಅವರ ಹಿಂದೆಯೇ ಹೋಗಿ ಕಾವಲು ನಿಂತರು. ಜರ್ಮನ್ ವಿಮಾನಗಳು ಎರಗಿದವು. 389ನೇ ಗ್ರೂಪ್ ತನ್ನ ನಾಯಕನ ವಿಮಾನವೂ ಸೇರಿ ಎಂಟನ್ನು ಕಳೆದುಕೊಂಡಿತು. ಸ್ಟೀವರ್ಟ್ ಕರೆದುಕೊಂಡು ಹೋದ ವಿಮಾನಗಳು ಎಲ್ಲವೂ ಮರಳಿದವು. ಅದೇ ತಿಂಗಳು ಅವರಿಗೆ ಮೇಜರ್ ಆಗಿ ಬಡ್ತಿ.

ಇದನ್ನು ಓದುವಾಗ ಒಂದು ಪ್ರಶ್ನೆ ಕಾಡುತ್ತದೆ. ತಮ್ಮ ಹುಡುಗರ ಜೀವವನ್ನು ಬೇರೆಯವರ ತಪ್ಪಿಗೆ ಪಣಕ್ಕಿಡುವುದು ಸರಿಯೇ? ಅಂದು ಎಲ್ಲರೂ ವಾಪಸ್ ಬಂದದ್ದರಿಂದ ಅದು ಶೌರ್ಯವಾಯಿತು. ಬರದಿದ್ದರೆ ಏನೆನ್ನುತ್ತಿದ್ದರೋ.

ಫೆಬ್ರವರಿ 20ರಿಂದ 25ರವರೆಗೆ ಜರ್ಮನಿಯ ವಿಮಾನ ಕಾರ್ಖಾನೆಗಳ ಮೇಲೆ ಮಿತ್ರಪಡೆ ಸತತ ದಾಳಿ ನಡೆಸಿತು. ಇತಿಹಾಸದಲ್ಲಿ ಇದಕ್ಕೆ 'ಬಿಗ್ ವೀಕ್' ಎಂಬ ಹೆಸರಿದೆ. ಮೊದಲ ದಿನ ಬ್ರೌನ್‌ಶ್ವೈಗ್ ಮೇಲಿನ ದಾಳಿಯನ್ನು ಮುನ್ನಡೆಸಿದ್ದಕ್ಕೆ ಸ್ಟೀವರ್ಟ್ ಅವರಿಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು. 24ರಂದು ಗೋಥಾ ದಾಳಿಗೆ ಹೋದ 445ನೇ ಗ್ರೂಪ್‌ನ 13 ವಿಮಾನಗಳು ಮರಳಲಿಲ್ಲ. ಒಂದೇ ದಿನಕ್ಕೆ ನೂರಕ್ಕೂ ಹೆಚ್ಚು ಮಂಚಗಳು ಖಾಲಿ. ಸ್ಟೀವರ್ಟ್ ಅಂದು ಹಾರಿರಲಿಲ್ಲ. ಮರುದಿನ ಫ್ಯೂರ್ತ್ ನಗರದ ಕಾರ್ಖಾನೆ ಮೇಲಿನ ದಾಳಿಗೆ ಅವರೇ ಹೊರಟರು. ಅವರ ಕಾಲ ಬುಡದಲ್ಲೇ ವಿಮಾನಕ್ಕೆ ಫಿರಂಗಿ ಗುಂಡು ಬಡಿದು ದೊಡ್ಡ ತೂತಾಯಿತು. ಆ ತೂತಿನಲ್ಲಿ ಕೆಳಗಿನ ಜರ್ಮನಿ ಕಾಣುತ್ತಿತ್ತಂತೆ. ಹಾಗೆಯೇ ಇಂಗ್ಲೆಂಡಿಗೆ ತಂದು ಇಳಿಸಿದಾಗ ವಿಮಾನದ ಮೈ ಬಿರುಕು ಬಿಟ್ಟಿತು.

ಸ್ಕ್ವಾಡ್ರನ್ ಕಮಾಂಡರ್‌ಗೆ ಇನ್ನೊಂದು ಕೆಲಸವಿರುತ್ತದೆ. ಸತ್ತ ಹುಡುಗರ ಮನೆಗೆ ಪತ್ರ ಬರೆಯುವುದು. ಈ ದಿನಗಳ ಬಗ್ಗೆ ಸ್ಟೀವರ್ಟ್ ಮುಂದೆ ಮನೆಯಲ್ಲೂ ಹೆಚ್ಚು ಬಾಯಿ ಬಿಡಲಿಲ್ಲ. ಯುದ್ಧದ ಫೋಟೊಗಳನ್ನು ಸಾಲಾಗಿ ಇಟ್ಟು ನೋಡಿದರೆ ಎರಡೇ ವರ್ಷದಲ್ಲಿ ಹತ್ತು ವರ್ಷ ವಯಸ್ಸಾದಂತೆ ಕಾಣುತ್ತದೆ. ಕೂದಲು ನರೆಯತೊಡಗಿತ್ತು.

1944ರ ಮಾರ್ಚ್ ಕೊನೆಗೆ ಓಲ್ಡ್ ಬಕನ್‌ಹ್ಯಾಮ್‌ನ 453ನೇ ಗ್ರೂಪ್‌ಗೆ ಕಾರ್ಯಾಚರಣೆ ಅಧಿಕಾರಿಯಾಗಿ ಹೋದರು. ಮುಂದೆ ಹಾಸ್ಯನಟನಾಗಿ ಹೆಸರು ಮಾಡಿದ ವಾಲ್ಟರ್ ಮಥಾವ್ ಆಗ ಅದೇ ಗ್ರೂಪ್‌ನಲ್ಲಿ ಕೆಳದರ್ಜೆಯ ಸೈನಿಕ. ಲೆಕ್ಕಕ್ಕೆ ಸಿಕ್ಕ ಸ್ಟೀವರ್ಟ್ ಅವರ ಯುದ್ಧ ಹಾರಾಟಗಳು 20. ಎರಡನೇ ಬಾರಿ ಫ್ಲೈಯಿಂಗ್ ಕ್ರಾಸ್, ಫ್ರಾನ್ಸ್‌ನ ಕ್ರೋವಾ ದ ಗೇರ್, ನಾಲ್ಕು ಏರ್ ಮೆಡಲ್. 1945ರ ಮಾರ್ಚ್‌ನಲ್ಲಿ ಕರ್ನಲ್ ಆದರು. ಸಿಪಾಯಿಯಿಂದ ಕರ್ನಲ್‌ವರೆಗೆ ನಾಲ್ಕೇ ವರ್ಷ.

ಯುದ್ಧ ಮುಗಿದ ಮೇಲೆ ಸಿಕ್ಕ ಒಂದು ಜವಾಬ್ದಾರಿಯ ಬಗ್ಗೆ ಕಡಿಮೆ ಜನ ಬರೆಯುತ್ತಾರೆ. 1945ರ ಮಾರ್ಚ್ 4ರಂದು ಅಮೆರಿಕದ ಲಿಬರೇಟರ್‌ಗಳು ಜರ್ಮನ್ ನಗರವೆಂದು ಭಾವಿಸಿ ತಟಸ್ಥ ದೇಶ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಮೇಲೆ ಬಾಂಬ್ ಸುರಿಸಿದ್ದವು. ನಾಗರಿಕರು ಸತ್ತಿದ್ದರು. ಮುಂದಿನ ವಿಮಾನದ ಪೈಲಟ್ ಮತ್ತು ನ್ಯಾವಿಗೇಟರ್ ಮೇಲೆ ಜೂನ್‌ನಲ್ಲಿ ನಡೆದ ಸೇನಾ ವಿಚಾರಣೆಯ ಅಧ್ಯಕ್ಷರು ಕರ್ನಲ್ ಸ್ಟೀವರ್ಟ್. ಮೋಡ, ಕೆಟ್ಟ ಹವಾಮಾನ, ಕೈಕೊಟ್ಟ ಉಪಕರಣಗಳ ವಿವರ ಕೇಳಿದ ನ್ಯಾಯಮಂಡಳಿ ಇಬ್ಬರನ್ನೂ ಖುಲಾಸೆ ಮಾಡಿತು. ಆಕಾಶದಲ್ಲಿ ದಾರಿ ತಪ್ಪುವುದೆಂದರೇನು ಎಂದು ಆ ಕುರ್ಚಿಯಲ್ಲಿ ಕುಳಿತವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಪ್ರಚಾರ ಬೇಡ ಎಂಬ ಷರತ್ತು

ಮನೆಗೆ ಬಂದವರಿಗೆ ಕೆಲಸವಿರಲಿಲ್ಲ. ಎಂಜಿಎಂ ಜೊತೆ ಮತ್ತೆ ಒಪ್ಪಂದ ಮಾಡಿಕೊಳ್ಳಲಿಲ್ಲ. ನಾಲ್ಕೂವರೆ ವರ್ಷ ಪರದೆಯಿಂದ ದೂರವಿದ್ದ, 37 ದಾಟಿದ ನಟನನ್ನು ಜನ ಮರೆತಿರಬಹುದೆಂಬ ಅಳುಕು ಅವರಿಗೂ ಇತ್ತು. ಆದರೂ ತಮ್ಮ ಯುದ್ಧದ ಸಾಧನೆಯನ್ನು ಸಿನಿಮಾ ಪ್ರಚಾರಕ್ಕೆ ಬಳಸಬಾರದು ಎಂದು ಷರತ್ತು ಹಾಕಿದರು. ಈಗಿನ ಪ್ರಚಾರ ತಂಡಗಳು ಕೇಳಿದರೆ ತಲೆ ಚಚ್ಚಿಕೊಳ್ಳುತ್ತವೆ.

ಮೊದಲು ಒಪ್ಪಿದ ಚಿತ್ರ ಫ್ರಾಂಕ್ ಕಾಪ್ರಾ ನಿರ್ದೇಶನದ 'ಇಟ್ಸ್ ಎ ವಂಡರ್‌ಫುಲ್ ಲೈಫ್' (1946). ತಮಾಷೆ ನೋಡಿ, ಅದರ ನಾಯಕ ಜಾರ್ಜ್ ಬೇಲಿ ಒಂದು ಕಿವಿ ಕೇಳದ ಕಾರಣ ಸೇನೆಗೆ ಅನರ್ಹನಾಗಿ ಊರಲ್ಲೇ ಉಳಿದವನು. ಪದಕ ಗೆದ್ದು ಬರುವ ಪೈಲಟ್ ಅವನ ತಮ್ಮ. ಚಿತ್ರ ಆಗ ಅಷ್ಟಾಗಿ ಓಡಲಿಲ್ಲ. ಇಂದು ಪ್ರತಿ ಕ್ರಿಸ್‌ಮಸ್‌ಗೆ ಅಮೆರಿಕದ ಮನೆಗಳಲ್ಲಿ ನೋಡುತ್ತಾರೆ. ಸಾಲದ ಚಿಂತೆಯಲ್ಲಿ ನಾಯಕ ಕುಸಿದು ಕೂರುವ ದೃಶ್ಯಗಳಲ್ಲಿ ಕಾಣುವುದು ಬರೀ ನಟನೆಯಲ್ಲ ಎಂದು ನನಗನ್ನಿಸುತ್ತದೆ.

ಸೆನೆಟ್‌ನಲ್ಲಿ ಬಿದ್ದ ಏಟು

ಸಿನಿಮಾಕ್ಕೆ ಮರಳಿದರೂ ಸಮವಸ್ತ್ರ ಬಿಡಲಿಲ್ಲ. ಮೀಸಲು ಪಡೆಯಲ್ಲಿ ಕರ್ನಲ್ ಆಗಿ ಮುಂದುವರಿದರು. 1947ರಲ್ಲಿ ವಾಯುಪಡೆ ಪ್ರತ್ಯೇಕವಾದಾಗ ಅದರ ಮೀಸಲು ಅಧಿಕಾರಿಯಾದರು. ಮೀಸಲು ಸೇವೆಯೆಂದರೆ ವರ್ಷದ ಬಹುಪಾಲು ಸ್ವಂತ ಉದ್ಯೋಗ, ನಿಗದಿತ ದಿನಗಳು ಸೇನಾ ತರಬೇತಿ, ಯುದ್ಧ ಬಂದರೆ ಕರೆ ಬಂದ ಕೂಡಲೇ ಹಾಜರಿ. ನಮ್ಮ ಟೆರಿಟೋರಿಯಲ್ ಆರ್ಮಿಯಲ್ಲಿ ಕಪಿಲ್ ದೇವ್, ಧೋನಿ ಅವರಿಗೆ ಕೊಟ್ಟಿರುವಂಥ ಗೌರವ ಪದವಿ ಇದಲ್ಲ. ಕಾಗದದ ಮೇಲೆ ನಿಜವಾದ ಹುದ್ದೆ, ನಿಜವಾದ ಹೊಣೆ. ಕರೆ ಬಂದ ಮೀಸಲು ಅಧಿಕಾರಿಯ ಮನೆಯಲ್ಲಿ ಏನಾಗುತ್ತದೆ ಎಂಬುದನ್ನೇ ಕಥೆಯಾಗಿಸಿಕೊಂಡು 1955ರಲ್ಲಿ 'ಸ್ಟ್ರಾಟೆಜಿಕ್ ಏರ್ ಕಮಾಂಡ್' ಚಿತ್ರದಲ್ಲೂ ನಟಿಸಿದರು.

1957ರಲ್ಲಿ ವಾಯುಪಡೆ ಅವರ ಹೆಸರನ್ನು ಬ್ರಿಗೇಡಿಯರ್ ಜನರಲ್ ಬಡ್ತಿಗೆ ಕಳಿಸಿತು. ಇಂಥ ಪಟ್ಟಿಗಳು ಸಾಮಾನ್ಯವಾಗಿ ಸೆನೆಟ್‌ನಲ್ಲಿ ಸದ್ದಿಲ್ಲದೆ ಪಾಸಾಗುತ್ತವೆ. ಈ ಸಲ ಮೇನ್ ರಾಜ್ಯದ ಸೆನೆಟರ್ ಮಾರ್ಗರೆಟ್ ಚೇಸ್ ಸ್ಮಿತ್ ಎದ್ದು ನಿಂತರು. ಅವರೂ ವಾಯುಪಡೆಯ ಮೀಸಲು ಅಧಿಕಾರಿ. ಯುದ್ಧ ಮುಗಿದ ಮೇಲೆ ಸ್ಟೀವರ್ಟ್ ತರಬೇತಿಗೆ ಹಾಜರಾದ ದಿನಗಳು ತೀರಾ ಕಡಿಮೆ, ಯುದ್ಧ ಬಂದರೆ ಅಣುಬಾಂಬರ್ ಪಡೆಯ ಕಾರ್ಯಾಚರಣೆ ವಿಭಾಗದ ಉಪ ನಿರ್ದೇಶಕ ಹುದ್ದೆ ಇವರಿಗೆಂದು ಗುರುತಿಸಲಾಗಿದೆ, ಇಷ್ಟು ತರಬೇತಿಗೆ ಅಷ್ಟು ದೊಡ್ಡ ಹೊಣೆಯೇ, ಅವರಿಗಿಂತ ಹೆಚ್ಚು ದುಡಿದ ಮೀಸಲು ಅಧಿಕಾರಿಗಳ ಗತಿಯೇನು ಎಂಬುದು ಅವರ ತಕರಾರು. ಆಗಸ್ಟ್‌ನಲ್ಲಿ ಸಮಿತಿ ಬಡ್ತಿಯನ್ನು ತಿರಸ್ಕರಿಸಿತು.

ಆಪ್ತ ಸಹಾಯಕನಿಗೆ ಬಡ್ತಿ ಸಿಗದ ಸಿಟ್ಟನ್ನು ಸೆನೆಟರ್ ಇಲ್ಲಿ ತೀರಿಸಿಕೊಂಡರು ಎಂಬ ಗುಸುಗುಸು ಆಗಲೇ ಇತ್ತು. ಇರಬಹುದು, ಇಲ್ಲದಿರಬಹುದು. ಆದರೆ ಅವರು ಕೇಳಿದ ಪ್ರಶ್ನೆ ಸರಿಯಾದದ್ದೇ. 1944ರಲ್ಲಿ ತೋರಿದ ಧೈರ್ಯಕ್ಕೆ 1944ರಲ್ಲೇ ಪದಕ ಕೊಟ್ಟಾಗಿತ್ತು. 1957ರ ಹುದ್ದೆಗೆ 1957ರ ಅರ್ಹತೆ ಬೇಕು. ಸ್ಟಾರ್ ನಟನ ಹೆಸರಿಗೆ ಮಣಿಯದೆ ಲೆಕ್ಕ ಕೇಳಿದ ಒಬ್ಬ ಮಹಿಳೆಯನ್ನು ಈ ಕಥೆಯ ಖಳನಾಯಕಿ ಮಾಡುವುದು ನ್ಯಾಯವಲ್ಲ.

ಸ್ಟೀವರ್ಟ್ ಪತ್ರಿಕೆಗಳಲ್ಲಿ ಜಗಳಕ್ಕಿಳಿಯಲಿಲ್ಲ. ತರಬೇತಿ ಮುಂದುವರಿಸಿದರು. ಅವರಿಗೆ ಗುರುತಿಸಿದ್ದ ಹುದ್ದೆಯನ್ನು ವಾಯುಪಡೆ ಬದಲಿಸಿ ಮಾಹಿತಿ ವಿಭಾಗಕ್ಕೆ ಹಾಕಿತು. ಸೆನೆಟರ್ ಒಪ್ಪಿದರು. 1959ರ ಜುಲೈ 23ರಂದು ಬಡ್ತಿ ಖಚಿತವಾಯಿತು. ಅಮೆರಿಕದ ಸೇನಾ ಇತಿಹಾಸದಲ್ಲಿ ಇಷ್ಟು ಮೇಲೆ ಹೋದ ಸಿನಿಮಾ ನಟ ಇನ್ನೊಬ್ಬರಿಲ್ಲ.

ಅಂದಹಾಗೆ ವಯಸ್ಸು ಅವರನ್ನು ಕಾಡಿದ್ದು ಸೇನೆಯಲ್ಲಿ ಮಾತ್ರವಲ್ಲ. ಅದೇ 1957ರಲ್ಲಿ ತೆರೆಕಂಡ 'ದಿ ಸ್ಪಿರಿಟ್ ಆಫ್ ಸೇಂಟ್ ಲೂಯಿಸ್' ಚಿತ್ರದಲ್ಲಿ 25 ವರ್ಷದ ಪೈಲಟ್ ಲಿಂಡ್‌ಬರ್ಗ್ ಪಾತ್ರ ಮಾಡಿದಾಗ ಅವರು 50ರ ಹತ್ತಿರವಿದ್ದರು. ಕೂದಲಿಗೆ ಬಣ್ಣ ಹಾಕಿಕೊಂಡು ನಟಿಸಿದರು.

ವಿಯೆಟ್ನಾಂ ಮೇಲೆ ಕೊನೆಯ ಹಾರಾಟ

1966ರ ಫೆಬ್ರವರಿಯಲ್ಲಿ, 57ನೇ ವಯಸ್ಸಿನಲ್ಲಿ, ಮೀಸಲು ಕರ್ತವ್ಯದ ದಿನಗಳನ್ನು ವಿಯೆಟ್ನಾಂಗೆ ಹೋಗಲು ಬಳಸಿಕೊಂಡರು. ಗುವಾಮ್ ದ್ವೀಪದಿಂದ ಹೊರಟ ಬಿ-52 ಬಾಂಬರ್‌ನಲ್ಲಿ ವೀಕ್ಷಕರಾಗಿ ಕುಳಿತು ಒಂದು ದಾಳಿಗೆ ಹೋಗಿ ಬಂದರು. ಇದಕ್ಕೂ ಪ್ರಚಾರ ಬೇಡವೆಂದರು. ಆ ಯುದ್ಧವನ್ನು ಅವರು ಕೊನೆಯವರೆಗೂ ಬೆಂಬಲಿಸಿದರು. ಅವರ ರಾಜಕೀಯ ಒಪ್ಪದ ಗೆಳೆಯರು ಹಾಲಿವುಡ್‌ನಲ್ಲಿ ಬೇಕಾದಷ್ಟಿದ್ದರು. ಹೆನ್ರಿ ಫೋಂಡಾ ಅವರಲ್ಲೊಬ್ಬರು. ರಾಜಕೀಯ ಮಾತಾಡಬಾರದು ಎಂದು ಇಬ್ಬರೂ ತೀರ್ಮಾನಿಸಿಕೊಂಡದ್ದರಿಂದ ಸ್ನೇಹ ಉಳಿಯಿತು.

1968ರ ಮೇ 31ರಂದು, 60 ತುಂಬಿದ ಕೆಲವೇ ದಿನಗಳಲ್ಲಿ, ನಿಯಮದಂತೆ ನಿವೃತ್ತಿ. ವಾಯುಪಡೆ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್ ಕೊಟ್ಟಿತು. ಒಟ್ಟು 27 ವರ್ಷದ ಸೇವೆ.

ಮರುವರ್ಷ ಜೂನ್ 8ರಂದು ಅವರ ಮಲಮಗ, 24 ವರ್ಷದ ಮರೀನ್ ಲೆಫ್ಟಿನೆಂಟ್, ವಿಯೆಟ್ನಾಂನಲ್ಲಿ ಗುಂಡೇಟಿಗೆ ಬಲಿಯಾದ. 1949ರಲ್ಲಿ ಗ್ಲೋರಿಯಾ ಅವರನ್ನು ಮದುವೆಯಾದಾಗ ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನೂ ಸ್ವಂತ ಮಕ್ಕಳಂತೆ ಸಾಕಿದ್ದರು. ಕಮಾಂಡರ್ ಆಗಿ ಬೇರೆ ತಂದೆ ತಾಯಿಗಳಿಗೆ ಕಾಗದ ಬರೆಯುತ್ತಿದ್ದವರ ಮನೆಗೆ ಈಗ ಅಂಥದೇ ಸುದ್ದಿ ಬಂತು.

1985ರಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಸ್ವಾತಂತ್ರ್ಯ ಪದಕ ನೀಡಿದರು. ಯುದ್ಧಕಾಲದಲ್ಲಿ ರೇಗನ್ ಕ್ಯಾಲಿಫೋರ್ನಿಯಾದಲ್ಲೇ ಉಳಿದು ಸೇನೆಗೆ ತರಬೇತಿ ಚಿತ್ರ ಮಾಡಿಕೊಟ್ಟ ನಟ. 1994ರಲ್ಲಿ ಗ್ಲೋರಿಯಾ ತೀರಿಕೊಂಡ ಮೇಲೆ ಸ್ಟೀವರ್ಟ್ ಮನೆಯಿಂದ ಹೊರಬರುವುದನ್ನೇ ಕಡಿಮೆ ಮಾಡಿದರು. ಮರುವರ್ಷ ಹುಟ್ಟೂರಿನಲ್ಲಿ ಅವರ ಹೆಸರಿನ ಮ್ಯೂಸಿಯಂ ಶುರುವಾಯಿತು. 1997ರ ಜುಲೈ 2ರಂದು, 89ನೇ ವಯಸ್ಸಿನಲ್ಲಿ, ಬೆವರ್ಲಿ ಹಿಲ್ಸ್‌ನ ಮನೆಯಲ್ಲಿ ತೀರಿಕೊಂಡರು. ಊರಿನ ಪಕ್ಕದ ಸಣ್ಣ ವಿಮಾನ ನಿಲ್ದಾಣಕ್ಕೂ ಈಗ ಅವರದೇ ಹೆಸರಿದೆ.